ಸ್ಯಾರಿಗಾರ್ಡ್ ಬಿಚ್ಚುವ ಮೊದಲು

ಹೊಸ ಬೈಕು ಮನೆಗೆ ಬಂದ ದಿನ ಚಕ್ರದಡಿ ನಿಂಬೆಹಣ್ಣು ಇಟ್ಟು, ಹ್ಯಾಂಡಲ್ಲಿಗೆ ಹೂವು ಸುತ್ತಿ ಪೂಜೆ ಮಾಡಿಸುವ ಪದ್ಧತಿ ಎಲ್ಲ ಊರುಗಳಲ್ಲೂ ಉಂಟು. ಪೂಜೆಯ ಹೂವು ಬಾಡುವ ಹೊತ್ತಿಗೆ ಇನ್ನೊಂದು ಶಾಸ್ತ್ರ ಆರಂಭವಾಗುತ್ತದೆ. ಸ್ಪ್ಯಾನರ್ ಹಿಡಿದು ಮೊದಲು ಬಿಚ್ಚುವುದು ಹಿಂಚಕ್ರದ ಪಕ್ಕದ ಸ್ಯಾರಿಗಾರ್ಡನ್ನು. ಆಮೇಲೆ ಮಡ್‌ಗಾರ್ಡಿನ ಬಾಲ, ಕಂಪನಿ ಕೊಟ್ಟ ಕನ್ನಡಿ, ಕೊನೆಗೆ ಸೈಲೆನ್ಸರ್. ಬೈಕು ಕ್ರೂಸರ್ ಮಾದರಿಯದಾದರಂತೂ ಕೇಳುವುದೇ ಬೇಡ. ಕಂಪನಿಯವರು ಅರ್ಧ ಬೈಕು ಮಾತ್ರ ಕೊಟ್ಟಿದ್ದಾರೆ, ಉಳಿದರ್ಧ ತಾನೇ ಮಾಡಿಕೊಳ್ಳಬೇಕು ಎಂಬ ನಂಬಿಕೆ ಈ ಜಾತಿಯ ಬೈಕಿನ ಬೆನ್ನಿಗೇ ಬಂದಿದೆ.

ವಾಹನದ ಒಪ್ಪ ಓರಣದ ಚಿಂತೆ ಕೆಳದಿ ಸೀಮೆಗೆ ಹೊಸತೇನಲ್ಲ. 18ನೇ ಶತಮಾನದ ಆರಂಭದಲ್ಲಿ ಇಲ್ಲಿನ ಅರಸ ಬಸವರಾಜ ಸಂಸ್ಕೃತದಲ್ಲಿ ಬರೆದ ವಿಶ್ವಕೋಶದಂಥ ಗ್ರಂಥ 'ಶಿವತತ್ತ್ವ ರತ್ನಾಕರ'ದಲ್ಲಿ ಆನೆ, ಕುದುರೆಗಳ ವಿಚಾರವೂ ಬರುತ್ತದೆ. ಇಂದು ಸಾಗರದಲ್ಲಿ ಕೆಎ 15 ಎಂದು ನೋಂದಣಿಯಾಗುವ ಕಬ್ಬಿಣದ ಕುದುರೆಗೆ ಅಂಥ ಗ್ರಂಥವಿಲ್ಲ. ಅಂಗಡಿಯವನು ಹೇಳಿದ್ದೇ ಶಾಸ್ತ್ರ.

ಕ್ರೂಸರ್ ಎಂದರೆ ಏನು? ಆಸನ ತಗ್ಗು, ಹ್ಯಾಂಡಲ್ ಎತ್ತರ, ಪಾದಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ. ಸವಾರ ಆರಾಮ ಕುರ್ಚಿಯಲ್ಲಿ ಕುಳಿತಂತೆ ಸಾಗುತ್ತಾನೆ. ಇದು ಅಮೆರಿಕದ ನೇರವಾದ, ಉದ್ದದ ಹೆದ್ದಾರಿಗಳಲ್ಲಿ ಹುಟ್ಟಿದ ರೂಪ. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರು ಭಾರ ಇಳಿಸಲು ಮಡ್‌ಗಾರ್ಡ್ ಕತ್ತರಿಸಿ 'ಬಾಬರ್' ಮಾಡಿದರು. ಮುಂಚಕ್ರವನ್ನು ದೂರಕ್ಕೆ ಚಾಚಿಸಿದ 'ಚಾಪರ್' 1969ರ 'ಈಜಿ ರೈಡರ್' ಚಿತ್ರದ ಮೂಲಕ ಜಗತ್ತಿಗೆಲ್ಲ ಪರಿಚಯವಾಯಿತು. ಭಾರತದಲ್ಲಿ ಬಜಾಜ್ ಅವೆಂಜರ್, ರಾಯಲ್ ಎನ್‌ಫೀಲ್ಡ್‌ನ ಥಂಡರ್‌ಬರ್ಡ್, 2020ರಲ್ಲಿ ಬಂದ ಮೀಟಿಯರ್ ಈ ಗೀಳನ್ನು ಸಣ್ಣ ಊರುಗಳಿಗೂ ತಲುಪಿಸಿದವು.

ಮಲೆನಾಡಿನವರು ಅದಕ್ಕೂ ಮೊದಲೇ ಬೈಕು ತಿದ್ದುತ್ತಿದ್ದರು, ಆದರೆ ತಿದ್ದುವ ದಿಕ್ಕು ಬೇರೆಯಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ತೋಟದ ಮನೆಯ ಯೆಜ್ಡಿಗೆ ಹಿಂದೆ ಕ್ಯಾರಿಯರ್, ಪಕ್ಕಕ್ಕೆ ಪೆಟ್ಟಿಗೆ, ಮುಂದೆ ಲೆಗ್‌ಗಾರ್ಡ್, ಮಡ್‌ಗಾರ್ಡಿಗೆ ಹಳೇ ಟ್ಯೂಬಿನ ತುಂಡು. ಟ್ಯಾಂಕಿನ ಮೇಲೆ ಹಿಂಡಿ ಚೀಲ ಹೊರಿಸಿ ತಂದವರೂ ಇದ್ದಾರೆ. ಅವರದ್ದು ಕೂಡಿಸುವ ಲೆಕ್ಕ, ಈಗಿನದು ಕಳೆಯುವ ಲೆಕ್ಕ. ಇನ್ನೊಂದು ಸಂಗತಿ: ಆ ಬೈಕುಗಳ ಚೈನು ಪೂರ್ತಿ ಡಬ್ಬಿಯೊಳಗೆ ಇರುತ್ತಿತ್ತು. ಈಗಿನ ಕ್ರೂಸರ್‌ಗಳ ಚೈನು ಬಯಲಿಗೆ ತೆರೆದುಕೊಂಡಿದೆ. ಆರಿದ್ರಾ ಮಳೆಯಲ್ಲಿ ಹೊಸನಗರದಿಂದ ತೀರ್ಥಹಳ್ಳಿಗೆ ಎರಡು ಸಲ ಹೋಗಿ ಬಂದರೆ ಹಚ್ಚಿದ ಎಣ್ಣೆ ತೊಳೆದುಹೋಗಿ, ಕೆಂಪು ರಾಡಿ ಕೊಂಡಿಗಳ ನಡುವೆ ಸೇರಿ, ಅರದಂತೆ ತೇಯುತ್ತದೆ. ಕ್ರೋಮ್ ಕನ್ನಡಿಗೆ ಸಾವಿರಾರು ರೂಪಾಯಿ ಸುರಿದವರು ಇನ್ನೂರು ರೂಪಾಯಿಯ ಚೈನ್ ಎಣ್ಣೆಗೆ ಜಿಪುಣರಾಗುವುದು ವಿಚಿತ್ರವೇ ಸರಿ.

ಮಡ್‌ಗಾರ್ಡಿನ ಕಥೆಯೂ ಹೀಗೆ. ಒಣಹವೆಯ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮೊಟಕುಗೊಳಿಸಿದವರಿಗೆ ಹೆಚ್ಚು ನಷ್ಟವಾಗಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಲ್ಲಿ ಬಾಲ ಕತ್ತರಿಸಿದ ಬೈಕು ಹಿಂದೆ ಕುಳಿತವರ ಬೆನ್ನಿಗೂ ಹಿಂದೆ ಬರುವವರ ಮುಖಕ್ಕೂ ಕೆಸರು ಎರಚುತ್ತದೆ. ಹಿಂದಿನ ದೀಪಕ್ಕೂ ನಂಬರ್ ಪ್ಲೇಟಿಗೂ ರಾಡಿ ಮೆತ್ತಿ, ಮಂಜಿನಲ್ಲಿ ಲಾರಿಯವನ ಕಣ್ಣಿಗೆ ಬೈಕೇ ಕಾಣದಂತಾಗುತ್ತದೆ.

ಹ್ಯಾಂಡಲ್ ಬದಲಿಸುವವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ತಂತಿಗಳು ಕಂಪನಿಯ ಹ್ಯಾಂಡಲ್ಲಿನ ಅಳತೆಗೆ ಹೊಂದಿಸಿದವು. ಎತ್ತರದ ಹ್ಯಾಂಡಲ್ ಕೂರಿಸಿ ಹಳೆಯ ತಂತಿಯನ್ನೇ ಎಳೆದು ಕಟ್ಟಿದರೆ, ನೇರ ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಘಾಟಿಯ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿದಾಗ ತಂತಿ ಬಿಗಿದು ಎಂಜಿನ್ ತಾನಾಗಿ ಏರುಗೊಳ್ಳುತ್ತದೆ. 190 ಕಿಲೋ ಆಸುಪಾಸಿನ ಬೈಕು, ಪಾಚಿಗಟ್ಟಿದ ಅಂಚು, ಕೆಳಗೆ ಕಣಿವೆ. ಅಲ್ಲಿ ತಪ್ಪು ತಿದ್ದಿಕೊಳ್ಳಲು ವ್ಯವಧಾನವಿರುವುದಿಲ್ಲ.

ಹೆಚ್ಚುವರಿ ದೀಪಗಳ ತಕರಾರು ಬೆಳಕಿಗಿಂತ ವೈರಿನದು. ವೈರು ಸೀಳಿ ಟೇಪು ಸುತ್ತಿದ ಜಾಗದಲ್ಲಿ ಮಳೆಗಾಲದ ತೇವ ಹೊಕ್ಕು ಹಸಿರು ಕಿಲುಬು ಹಿಡಿಯುತ್ತದೆ. ಪ್ರತ್ಯೇಕ ಫ್ಯೂಸು, ರಿಲೇ ಹಾಕಿಸದಿದ್ದರೆ ಒಂದು ರಾತ್ರಿ ಮುಖ್ಯ ದೀಪವೂ ಆರಬಹುದು. ಪ್ರಖರ ಬಿಳಿ ಬೆಳಕನ್ನು ಮಂಜು ಸವಾರನ ಕಣ್ಣಿಗೇ ತಿರುಗಿಸಿ ಹೊಡೆಯುತ್ತದೆ. ತಗ್ಗಿನಲ್ಲಿ ಕೂರಿಸಿ ನೆಲದತ್ತ ಬಾಗಿಸಿದ ದೀಪವೇ ಇಲ್ಲಿ ಉಪಯೋಗಕ್ಕೆ ಬರುವುದು.

ಇನ್ನು ಸೈಲೆನ್ಸರ್. ಹೊಸ ಮಾಲೀಕನ ಮನಸ್ಸು ನೆಟ್ಟಿರುವುದೇ ಇದರ ಮೇಲೆ. 175 ಸಿಸಿ ಮೀರಿದ ದ್ವಿಚಕ್ರ ವಾಹನ ಹೊರಡಿಸಬಹುದಾದ ಶಬ್ದಕ್ಕೆ ತಯಾರಿಕೆಯ ಹಂತದಲ್ಲಿ 80 ಡೆಸಿಬೆಲ್ ಮಿತಿಯಿದೆ. ಡೆಸಿಬೆಲ್ ಲೆಕ್ಕ ಸಾಮಾನ್ಯ ಅಂಕಗಣಿತದ್ದಲ್ಲ. ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತುಪಟ್ಟು ಆಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕುಗಳಲ್ಲಿ ಹೊಗೆ ಶುದ್ಧಗೊಳಿಸುವ ಸಾಧನವೂ ಈ ಕೊಳವೆಯ ದಾರಿಯಲ್ಲೇ ಇದೆ. ಅದನ್ನು ಕಿತ್ತರೆ ಸದ್ದಿನ ಜೊತೆಗೆ ವಿಷವೂ ಹೆಚ್ಚುತ್ತದೆ, ಪೆಟ್ರೋಲ್ ಅಳೆದು ಕೊಡುವ ವ್ಯವಸ್ಥೆಯ ಲೆಕ್ಕವೂ ತಪ್ಪಬಹುದು. ಗುಡ್ಡದಿಂದ ಗುಡ್ಡಕ್ಕೆ ಸದ್ದು ಸಾಗುವ, ತೋಟಕ್ಕೊಂದು ಮನೆಯಿರುವ ಈ ಸೀಮೆಯಲ್ಲಿ ರಾತ್ರಿ ಹತ್ತರ ಮೇಲೆ ಒಂದು ಬೈಕು ಎಷ್ಟು ಮನೆಗಳ ನಿದ್ದೆ ಕೆಡಿಸೀತು ಎಂಬುದನ್ನು ಊರಿನವರೇ ಹೇಳಬೇಕು.

ಕಾನೂನು ಏನೆನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರಗಳನ್ನು ಬದಲಿಸದಂತೆ ತಡೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಬಣ್ಣ ಬದಲಿಸುವುದಾದರೆ ಸಾರಿಗೆ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಟ್ಯಾಂಕಿನ ಮೇಲೆ ಕೆಳದಿ ವೀರಭದ್ರ ದೇವಾಲಯದ ಛತ್ತಿನಲ್ಲಿರುವ ಗಂಡಭೇರುಂಡದ ಸಣ್ಣ ಚಿತ್ರ ಅಂಟಿಸಿಕೊಂಡರೆ ಯಾರೂ ಅಡ್ಡಿ ಮಾಡಲಾರರು. ಆದರೆ ವಿಮಾ ಕಂಪನಿಗೆ ತಿಳಿಸದೆ ಬೈಕಿನ ಅಂಗಾಂಗ ಬದಲಿಸಿದವರಿಗೆ ಅಪಘಾತದ ನಂತರ ಪರಿಹಾರ ಸಿಗುವುದು ಕಷ್ಟವಾದೀತು.

ಹಾಗಾದರೆ ಏನನ್ನೂ ಮಾಡಬಾರದೇ? ಮಾಡಲು ಬೇಕಾದಷ್ಟಿದೆ, ಹೆಚ್ಚಿನದಕ್ಕೆ ದುಡ್ಡೂ ಬೇಡ. ಕ್ಲಚ್, ಬ್ರೇಕ್ ಲಿವರುಗಳನ್ನು ಬೆರಳಿನ ಅಳತೆಗೆ ತಿರುಗಿಸಿಕೊಳ್ಳುವುದು, ಹಿಂದಿನ ಶಾಕ್ ಅಬ್ಸಾರ್ಬರನ್ನು ಭಾರಕ್ಕೆ ತಕ್ಕಂತೆ ಬಿಗಿ ಮಾಡುವುದು, ಟೈರಿನ ಗಾಳಿ ನೋಡುವುದು ಮೊದಲ ಕೆಲಸ. ಕಾಲು ಮುಂದಿರುವುದರಿಂದ ಹೊಂಡ ಬಂದಾಗ ಸವಾರ ಎದ್ದು ನಿಲ್ಲಲಾರ, ಪೆಟ್ಟು ನೇರ ಬೆನ್ನುಮೂಳೆಯ ಬುಡಕ್ಕೆ. ಆದ್ದರಿಂದ ದುಡ್ಡು ಹಾಕುವುದಿದ್ದರೆ ಮೊದಲು ಒಳ್ಳೆಯ ಸೀಟಿಗೆ, ಉದ್ದನೆಯ ಮಡ್‌ಫ್ಲ್ಯಾಪಿಗೆ ಹಾಕಬಹುದು. ಒಂದು ಮಳೆಗಾಲ ಓಡಿಸಿ ನೋಡಿದರೆ ಬೇಕಾದುದರ ಪಟ್ಟಿ ತಾನಾಗಿ ತಯಾರಾಗುತ್ತದೆ. ಪೂಜೆಯ ವಾರ ಬರೆದ ಪಟ್ಟಿಗೂ ಇದಕ್ಕೂ ಹೋಲಿಕೆ ಇರುವುದು ಅಪರೂಪ.

ಕೊನೆಗೆ, ಮೊದಲು ಬಿಚ್ಚಿದ ಆ ಸ್ಯಾರಿಗಾರ್ಡ್. ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳಿದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿ ಪ್ರಾಣ ಹೋದ ಸುದ್ದಿ ಪತ್ರಿಕೆ ಓದುವವರಿಗೆ ಹೊಸದಲ್ಲ. ಬೈಕಿನ ಅಂದಗೆಡಿಸುತ್ತದೆಂದು ಬಿಚ್ಚಿದ ಆ ಜಾಲರಿ ಈಗ ಎಷ್ಟೋ ಮನೆಗಳ ಅಟ್ಟದಲ್ಲಿ, ಹಳೆಯ ಗೊರಬಿನ ಪಕ್ಕ ಧೂಳು ತಿನ್ನುತ್ತಿದೆ. ಅದನ್ನು ಮರಳಿ ಕೂರಿಸಲು ಬೇಕಾದದ್ದು ಎರಡು ಮೂರು ಬೋಲ್ಟು, ಕಾಲು ಗಂಟೆ. ಅಮ್ಮ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಸಾಗರ ಪೇಟೆಗೆ ಹೊರಡುವ ಮೊದಲು ಮಾಡಿ ಮುಗಿಸಬಹುದಾದ ಕೆಲಸ.