ಬಿಚ್ಚಿದ ನೂಲಿನ ಶಾಲು

ಸಿಂಗಟಗೆರೆಯ ನಮ್ಮ ಮನೆಯನ್ನು ಖಾಲಿ ಮಾಡಲು ಹದಿನೈದು ದಿನಗಳಷ್ಟೇ ಉಳಿದಿದ್ದಾಗ ಅಮ್ಮ ಹೊಸದಾಗಿ ಶಾಲೊಂದನ್ನು ಹೆಣೆಯಲು ಕುಳಿತಳು. ಪಡಸಾಲೆಯ ತುಂಬ ಗೋಣಿಚೀಲಗಳು, ರಟ್ಟಿನ ಪೆಟ್ಟಿಗೆಗಳು, ಅಟ್ಟದಿಂದ ಇಳಿಸಿದ ಹಿತ್ತಾಳೆ ಪಾತ್ರೆಗಳು. ಅವುಗಳ ನಡುವೆ ಕಂಬಕ್ಕೆ ಒರಗಿ ಅವಳು ಕಡ್ಡಿಗಳನ್ನು ಆಡಿಸುತ್ತಿದ್ದಳು. ‘ಬೆಂಗಳೂರಲ್ಲಿ ಬೇಕಾದಷ್ಟು ಶಾಲು ಸಿಗುತ್ತಲ್ಲಮ್ಮ’ ಎಂದೆ. ‘ಶಾಲು ಸಿಗುತ್ತೆ ಕಣೋ, ನಿಮ್ಮಪ್ಪನ ಸ್ವೆಟರ್ ಸಿಗುತ್ತಾ?’ ಎಂದಳು.

ಅಪ್ಪನ ಎರಡು ಸ್ವೆಟರುಗಳು ಟ್ರಂಕಿನಲ್ಲಿದ್ದವು. ಒಂದು ಕಂದು, ಇನ್ನೊಂದು ಬೂದಿ ಬಣ್ಣದ್ದು. ಎರಡರ ಮೊಣಕೈಗಳೂ ಸವೆದಿದ್ದವು. ಅಮ್ಮ ಅಂಚಿನ ಗಂಟು ಹುಡುಕಿ ಬಿಚ್ಚಿದಳು. ಎಳೆದಂತೆಲ್ಲ ನೂಲು ಸುರುಳಿ ಸುರುಳಿಯಾಗಿ ಬಂತು. ನನ್ನ ಮಗಳು ಎರಡೂ ಕೈ ಚಾಚಿ ಕುಳಿತಳು. ಅಜ್ಜಿ ಆ ಕೈಗಳಿಗೆ ನೂಲು ಸುತ್ತಿ ಲಡಿ ಮಾಡಿದಳು. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಹಿತ್ತಿಲ ತಂತಿಗೆ ತೂಗುಹಾಕಿ, ಕೆಳಗೊಂದು ಚೊಂಬು ಕಟ್ಟಿದಳು. ಆ ಭಾರಕ್ಕೆ ಸುರುಳಿ ಬಿಚ್ಚಿಕೊಂಡು ನೂಲು ನೇರವಾಯಿತು. ಒಣಗಿದ ಮೇಲೆ ಉಂಡೆ ಕಟ್ಟಿದ್ದಾಯಿತು.

ನಮ್ಮ ಬಯಲುಸೀಮೆಗೆ ಉಣ್ಣೆ ಹೊಸದೇನಲ್ಲ. ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ನೂಲುತ್ತಿದ್ದರು, ಗಂಡಸರು ಗುಂಡಿಮಗ್ಗದಲ್ಲಿ ಕುಳಿತು ಕಂಬಳಿ ನೇಯುತ್ತಿದ್ದರು. ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿಗೊಳಿಸಿದ ಆ ಕಂಬಳಿ ಮಲೆನಾಡಿನವರಿಗೆ ಮಳೆಗಾಲದ ಕೊಪ್ಪೆಯಾಗುತ್ತಿತ್ತು, ದೇವರ ಕಾರ್ಯದಲ್ಲಿ ಗದ್ದುಗೆಯಾಗುತ್ತಿತ್ತು. ಕಡ್ಡಿಯಲ್ಲಿ ಹೆಣೆಯಲು ಅಂಗಡಿಯಿಂದ ತರುವ ‘ಉಲ್ಲನ್’ ಬೇರೆಯೇ ಬಗೆ. ಅದರಲ್ಲಿ ಹೆಚ್ಚಿನದು ಅಕ್ರಿಲಿಕ್ ನೂಲು, ಕುರಿಯ ಮೈಯನ್ನು ಕಂಡದ್ದೇ ಅಲ್ಲ. ಅಜ್ಜನ ಕರಿ ಕಂಬಳಿಯೂ ಅಂದು ಅಟ್ಟದಿಂದ ಇಳಿದಿತ್ತು. ಅದನ್ನು ಮಡಿಸುತ್ತ ಅಮ್ಮ ಹೇಳಿದಳು: ‘ನೇಯ್ದಿದ್ದನ್ನ ಕತ್ತರಿಸಬೇಕು. ಹೆಣೆದಿದ್ದನ್ನ ಬಿಚ್ಚಬಹುದು.’

ಆ ಹದಿನೈದು ದಿನ ಅವಳಿಗೆ ಹೆಣಿಗೆಯೊಂದೇ ಕೆಲಸವಾಗಿರಲಿಲ್ಲ. ಬೀಳ್ಕೊಡಲು ಬಂದವರಿಗೆಲ್ಲ ಕಾಫಿ. ಪಕ್ಕದ ಮನೆಗೆ ಬಿತ್ತನೆ ರಾಗಿ. ಉಪ್ಪಿನಕಾಯಿ ಜಾಡಿಗಳ ಬಾಯಿಗೆ ಬಟ್ಟೆ. ಯಾವ ಪಾತ್ರೆ ಮೊದಲು ಕಟ್ಟಬೇಕು, ಯಾವುದು ಕೊನೆಯ ಅಡುಗೆಗೆ ಬೇಕು ಎಂಬ ಲೆಕ್ಕ. ನಾನು ಲಾರಿಯೊಂದನ್ನು ಗೊತ್ತುಮಾಡಿ, ಮನೆ ಸಾಗಿಸುತ್ತಿರುವವನು ನಾನೇ ಎಂದು ನಂಬಿದ್ದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ, ಅದರಲ್ಲಿ ತೊಡಗುವ ಪುರುಷರು ವ್ಯಯಿಸುವುದು 88 ನಿಮಿಷ. ಮನೆ ಬದಲಿಸುವ ದಿನಗಳಲ್ಲಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ.

ಅದಕ್ಕಿಂತ ದೊಡ್ಡ ತಪ್ಪೊಂದು ನಡೆದುಹೋಗಿತ್ತು. ಅಮ್ಮ ಒಬ್ಬಳೇ ಇರುವುದು ಬೇಡವೆಂದು ನಾವು ಮೂವರು ಮಕ್ಕಳು ಫೋನಿನಲ್ಲೇ ತೀರ್ಮಾನಿಸಿದ್ದೆವು. ಆಸ್ಪತ್ರೆ ಎಷ್ಟು ಹತ್ತಿರ, ಲಿಫ್ಟ್ ಇದೆಯೇ ಎಂದೆಲ್ಲ ವಿಚಾರಿಸಿದ್ದೆವು. ಅವಳನ್ನು ಮಾತ್ರ ಕೇಳಿರಲಿಲ್ಲ. ಒಂದು ಸಂಜೆ ಕರೆಂಟು ಹೋದಾಗ, ಮುಖ ಕಾಣದ ಧೈರ್ಯದಲ್ಲಿ ಕೇಳಿದೆ: ‘ನಿನಗೆ ಬರೋಕೆ ಇಷ್ಟ ಇದೆಯಾ?’

ಕತ್ತಲಲ್ಲೂ ಕಡ್ಡಿಗಳ ಸದ್ದು ನಿಲ್ಲಲಿಲ್ಲ. ಸಾಲು ಮುಗಿಸಿದ ಮೇಲೆ ಹೇಳಿದಳು: ‘ಈಗಲಾದ್ರೂ ಕೇಳಿದೆಯಲ್ಲ. ಬಿಚ್ಚಿದ ನೂಲು ಮೊದಲಿನಷ್ಟು ದಪ್ಪ ಇರಲ್ಲ ಕಣೋ. ಎರಡೆಳೆ ಸೇರಿಸಿ ಹೆಣೆದ್ರೆ ಬೆಚ್ಚಗಿರುತ್ತೆ.’ ಕಂದು, ಬೂದಿ ಎರಡೂ ಎಳೆಗಳನ್ನು ಅವಳು ಜೊತೆಗೂಡಿಸಿ ಹೆಣೆಯುತ್ತಿದ್ದುದನ್ನು ನಾನು ಗಮನಿಸಿದ್ದು ದೀಪ ಬಂದ ಮೇಲೆಯೇ.

ದುಡಿಯುವ ಮಕ್ಕಳೆಲ್ಲ ನಗರ ಸೇರಿ, ವಯಸ್ಸಾದವರಷ್ಟೇ ಉಳಿದ ಮನೆಗಳು ನಮ್ಮ ಕಡೆ ಅನೇಕ. ಅವರನ್ನು ಕರೆದೊಯ್ಯುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಹೊರಡುವ ದಿನವನ್ನು ಅವರೇ ಗೊತ್ತುಮಾಡಲಿ, ಏನು ತರಬೇಕು ಎಂಬುದನ್ನು ಅವರೇ ಆರಿಸಲಿ; ಕಟ್ಟುವ ಕೆಲಸದಲ್ಲಿ ನಮ್ಮ ಕೈಯೂ ಇರಲಿ. ನಾವು ಕೇಳಿದ್ದು ತಡವಾಗಿ. ಹಾಗಿದ್ದೂ ಅಮ್ಮ ಎರಡು ಷರತ್ತು ಹಾಕಿದಳು: ಮನೆ ಮಾರಕೂಡದು, ಬೀಗದ ಕೈ ತನ್ನಲ್ಲೇ ಇರಬೇಕು. ಒಪ್ಪಿಕೊಂಡೆವು.

ಹೊರಟ ದಿನ ಎಲ್ಲವೂ ಲಾರಿ ಏರಿತು, ಶಾಲೊಂದನ್ನು ಬಿಟ್ಟು. ಕಡ್ಡಿ ಕಳಚಿಕೊಂಡರೆ ಕುಣಿಕೆಗಳು ಜಾರಿಹೋಗುತ್ತವೆಂದು ಅದನ್ನು ಮಡಿಲಲ್ಲೇ ಇಟ್ಟುಕೊಂಡು ಅವಳು ಕಾರಿನಲ್ಲಿ ಕುಳಿತಳು. ಬೀಗದ ಕೈ ಸೆರಗಿನ ಗಂಟಿನಲ್ಲಿತ್ತು. ಕಡೂರು ದಾಟುವವರೆಗೂ ಅವಳು ಕಡ್ಡಿ ಮುಟ್ಟಲಿಲ್ಲ. ಆಮೇಲೆ ನಿಧಾನವಾಗಿ ಒಂದು ಸಾಲು ಹಾಕಿದಳು.

ಶಾಲು ಇನ್ನೂ ಮುಗಿದಿಲ್ಲ. ಮೊನ್ನೆ ಅಳೆದು ನೋಡಿದಾಗ ಒಂದು ಗೇಣು ಬಾಕಿಯಿತ್ತು. ಅಪ್ಪನ ನೂಲು ಸಾಲದಾಗಿದೆ. ನನ್ನದೊಂದು ಹಳೆಯ ಸ್ವೆಟರ್ ಕೊಡು ಎಂದು ಅಮ್ಮ ಕೇಳಿದ್ದಾಳೆ.