ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆಯೇ?

ಬೇಸಿಗೆ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಸಂದೇಶ ತಪ್ಪದೇ ಬರುತ್ತದೆ: ತಾಪಮಾನ 40 ಡಿಗ್ರಿ ದಾಟಿದಾಗ ತಣ್ಣೀರು ಕುಡಿಯಬೇಡಿ, ಬಿಸಿಲಿನಿಂದ ಬಂದು ಕೈಕಾಲು ತೊಳೆಯಬೇಡಿ, ರಕ್ತನಾಳ ಒಡೆದು ಲಕ್ವಾ ಹೊಡೆಯುತ್ತದೆ. ಕೊನೆಯಲ್ಲಿ ‘ವೈದ್ಯರ ಸಲಹೆ, ಎಲ್ಲರಿಗೂ ಕಳಿಸಿ’. ಯಾವ ವೈದ್ಯರು? ಹೆಸರಿರುವುದಿಲ್ಲ.

ಇದು ನಿಜವಲ್ಲ. ಬಿಸಿಲಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತವೆ. ತಣ್ಣೀರು ತಾಗಿದರೆ ಕುಗ್ಗುತ್ತವೆ, ಒಡೆಯುವುದಿಲ್ಲ. ಹಿಗ್ಗುವುದು, ಕುಗ್ಗುವುದು ಅವುಗಳ ದಿನನಿತ್ಯದ ಕೆಲಸ. ಐಸ್ ನೀರನ್ನು ಗಟಗಟ ಕುಡಿದರೆ ಕೆಲವರಿಗೆ ಕ್ಷಣಕಾಲ ಹಣೆ ನೋಯಬಹುದು, ಅಷ್ಟೇ. ಮಡಕೆ ನೀರಿಗೆ ಆ ಭಯವೂ ಬೇಡ.

ಸುಳ್ಳಾದರೂ ಯಾರಿಗೇನು ನಷ್ಟ ಎನ್ನಬೇಡಿ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲು. ಅಲ್ಲಿ ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ಒಬ್ಬರು ಕುಸಿದು ಬಿದ್ದರು ಎಂದುಕೊಳ್ಳಿ. ಮೈ ಕೆಂಡದಂತೆ ಸುಡುತ್ತಿದೆ, ಮಾತು ತೊದಲುತ್ತಿದೆ, ಕೇಳಿದ್ದಕ್ಕೆ ಏನೇನೋ ಉತ್ತರ. ಇದು ಹೀಟ್ ಸ್ಟ್ರೋಕ್ ಇರಬಹುದು. ಸಾಮಾನ್ಯವಾಗಿ 37 ಡಿಗ್ರಿ ಆಸುಪಾಸಿನಲ್ಲಿರುವ ದೇಹದ ಒಳತಾಪ ಆಗ 40 ಡಿಗ್ರಿ ಮುಟ್ಟಿರುತ್ತದೆ. ಮಿದುಳು, ಮೂತ್ರಪಿಂಡ ಹಾಳಾಗತೊಡಗುತ್ತವೆ. ಇಲ್ಲಿ ಜೀವ ಉಳಿಸುವುದೇ ತಣ್ಣೀರು! ಫಾರ್ವರ್ಡ್ ನೆನಪಾಗಿ ಸುತ್ತ ನಿಂತವರು ನೀರು ಹಾಕಲು ಹೆದರಿದರೆ ಅಮೂಲ್ಯ ನಿಮಿಷಗಳು ಹೋಗುತ್ತವೆ.

ಮೊದಲು 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಕಾಯುತ್ತಾ ಕೂರಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಲೇ ಗಾಳಿ ಬೀಸಿ. ಒದ್ದೆ ಮೈಯಿಂದ ನೀರು ಆರುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗಬಹುದು. ಪ್ಯಾರಾಸಿಟಮಾಲ್ ಕೂಡ ಕೊಡಬೇಡಿ. ಅದು ಜ್ವರದ ಮಾತ್ರೆ, ಬಿಸಿಲಿನಿಂದ ಏರಿದ ತಾಪವನ್ನು ಇಳಿಸದು.

ಮೈ ಬೆವರುತ್ತಿದೆ, ಹಾಗಾಗಿ ಹೀಟ್ ಸ್ಟ್ರೋಕ್ ಅಲ್ಲ ಎಂಬ ಲೆಕ್ಕಾಚಾರವೂ ಬೇಡ. ಬಿಸಿಲಲ್ಲಿ ದುಡಿಯುವವರಿಗೆ ಬೆವರುತ್ತಿರುವಾಗಲೇ ಅದು ಬರುವುದುಂಟು. ಮಾತು, ವರ್ತನೆ ಬದಲಾಗಿದೆಯೇ ನೋಡಿ.

ಇನ್ನು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವ ಸಲಹೆ. ಅದರಿಂದ ತೊಂದರೆಯಿಲ್ಲ, ಪ್ರಯೋಜನವೂ ಇಲ್ಲ. ಮಜ್ಜಿಗೆಯ ಜೊತೆ ನೆಂಚಿಕೊಂಡರೆ ಮಜ್ಜಿಗೆಯಿಂದಲಾದರೂ ಒಂದಿಷ್ಟು ನೀರು, ಉಪ್ಪು ಹೊಟ್ಟೆಗೆ ಸೇರುತ್ತದೆ.