ಕಡಲಿಗೆ ಹೋದವರು ಸತ್ತವರೋ, ಮಾಯವಾದವರೋ?

ಮಲ್ಪೆಯ ದಕ್ಕೆಯಲ್ಲಿ ಬಲೆ ಸರಿಮಾಡುತ್ತ ಕೂತವರನ್ನು "ಭೂತ ಒಳ್ಳೇದೋ ಕೆಟ್ಟದೋ?" ಎಂದು ಕೇಳಿ ನೋಡಿ. ಇದೆಂಥ ಪ್ರಶ್ನೆ ಮಾರಾಯ್ರೇ ಎಂಬ ಹಾಗೆ ನಿಮ್ಮ ಮುಖ ನೋಡಿಯಾರು!

ಘಟ್ಟದ ಮೇಲಿನವರಿಗೆ ಭೂತವೆಂದರೆ ಹೆದರಿಸುವ ಪಿಶಾಚಿ. ಇಂಗ್ಲಿಷರಿಗೂ ಹಾಗೇ ಕಂಡಿತು. ಮಂಗಳೂರಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಸಾಹೇಬರ ಸಂಗ್ರಹ 1894ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾದಾಗ ಕೊಟ್ಟ ತಲೆಬರಹ 'ತುಳುವರ ಪಿಶಾಚಾರಾಧನೆ' ಎಂಬ ಅರ್ಥದ್ದು. ಆದರೆ ಇಲ್ಲಿಯ ಲೆಕ್ಕವೇ ಬೇರೆ. ದೈವ ಒಂದೇ. ಹೇಳಿದ ಹಾಗೆ ನಡೆದುಕೊಂಡವರನ್ನು ಕಾಯುತ್ತದೆ, ಮಾತು ತಪ್ಪಿದವರನ್ನು ವಿಚಾರಿಸಿಕೊಳ್ಳುತ್ತದೆ. ಕಡಲೂ ಹಾಗೇ. ಅನ್ನ ಕೊಡುವುದೂ ಅದೇ, ಕೊಲ್ಲುವುದೂ ಅದೇ. ನೂಲು ಹುಣ್ಣಿಮೆಗೆ ವಡಭಾಂಡೇಶ್ವರದಲ್ಲಿ ಕೈಮುಗಿದು ಮೊಗವೀರರು ಹಾಲೆರೆಯುವುದು ಆ ಕಡಲಿಗೇ.

ಮೊಗವೀರರ ಬೊಬ್ಬರ್ಯನನ್ನೇ ನೋಡಿ. ಪ್ರಚಲಿತ ಪಾಡ್ದನದ ಪ್ರಕಾರ ತಂದೆ ಬ್ಯಾರಿ, ತಾಯಿ ಜೈನ ಮನೆತನದವಳು. ಹಡಗು ಕಟ್ಟಿ ವ್ಯಾಪಾರಕ್ಕೆ ಹೊರಟವನು ಕಡಲ ಮೇಲೆಯೇ ಮುಗಿದುಹೋದ. ಹಾಗೆ ಹೋದವನೇ ಕಡಲ ಕಾವಲಿನ ದೈವವಾದ. ಯಾವ ಜಾತಿ, ಯಾವ ಧರ್ಮ ಎಂದು ಕಡಲಲ್ಲಿ ಯಾರು ಕೇಳುತ್ತಾರೆ? ಇನ್ನೊಂದು ಮಾತು ಗಮನಿಸಿ. ಪಾಡ್ದನದ ವೀರರು 'ಸತ್ತರು' ಎನ್ನುವುದು ಕಡಿಮೆ. ಕಾಯ ಬಿಟ್ಟರು, ಮಾಯ ಸೇರಿದರು ಎನ್ನುತ್ತಾರೆ.

ಈ 'ಮಾಯ' ಹಾಡಿನಲ್ಲಿ ಇರುವಷ್ಟು ದಿನ ಚಂದ. ಮನೆಯೊಳಗೆ ಬಂದರೆ?

2018ರ ಡಿಸೆಂಬರ್ 13ರಂದು ಮಲ್ಪೆಯಿಂದ 'ಸುವರ್ಣ ತ್ರಿಭುಜ' ಎಂಬ ಆಳಸಮುದ್ರದ ಬೋಟು ಏಳು ಮಂದಿಯೊಂದಿಗೆ ಹೊರಟಿತು. ಎರಡು ಮೂರು ದಿನದಲ್ಲಿ ಸಂಪರ್ಕ ತಪ್ಪಿತು. 2019ರ ಜನವರಿಯಲ್ಲಿ ಬೋಟುಗಳನ್ನು ದಕ್ಕೆಯಲ್ಲೇ ನಿಲ್ಲಿಸಿ ಮೀನುಗಾರರು ಹೆದ್ದಾರಿಗೆ ಬಂದು ಕೂತರು. ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದಾಚೆ ಕಡಲಡಿಯಲ್ಲಿ ಬೋಟಿನ ಅವಶೇಷ ಕಂಡಿತು. ಬೋಟು ಸಿಕ್ಕಿತು. ಜನ?

ಇಂಥ ಹೊತ್ತಿನಲ್ಲಿ ಕರಾವಳಿಯ ಮನೆಗಳವರು ಪ್ರಶ್ನೆ ಇಡಿಸುವುದು, ದರ್ಶನಕ್ಕೆ ಹೋಗಿ ನಿಲ್ಲುವುದು ಹೊಸತೇನಲ್ಲ. ನಗುವವರು ನಗಲಿ. ವಯರ್‌ಲೆಸ್ ಉತ್ತರ ಕೊಡದಿದ್ದಾಗ, ಕಚೇರಿಯಲ್ಲಿ "ಹುಡುಕುತ್ತಾ ಇದ್ದೇವೆ" ಎಂಬ ಒಂದೇ ಮಾತು ಕೇಳಿ ಕೇಳಿ ಸುಸ್ತಾದಾಗ, ತಮ್ಮ ಹೆಸರು ಹಿಡಿದು ಕರೆದು ಮಾತಾಡಿಸುವವರ ಎದುರು ಹೋಗಿ ಕೂರುವುದು ಮನುಷ್ಯ ಸಹಜ. ದೈವದ ಅಭಯ ರಾತ್ರಿ ನಿದ್ದೆ ಕೊಡುತ್ತದೆ ಎಂದಾದರೆ ಅದನ್ನು ಕಸಿಯಲು ನಾವ್ಯಾರು?

ಆದರೆ ಕವಡೆ ಹಾಕಿ "ಉತ್ತರ ದಿಕ್ಕಿನಲ್ಲಿದ್ದಾನೆ, ಇಂಥ ತಿಂಗಳಿಗೆ ಬರುತ್ತಾನೆ" ಎಂದು ತಿಥಿವಾರ ಸಮೇತ ಹೇಳಿ ದಕ್ಷಿಣೆ ಎಣಿಸುವವರು ಉಂಟಲ್ಲ, ಅವರನ್ನು ಕೇಳಲೇಬೇಕು. ಆ ತಿಂಗಳು ಬಂದು ಹೋದ ಮೇಲೆ ಆ ಮನೆಗೆ ನೀವು ಹೋದದ್ದುಂಟಾ? ಅಲ್ಲೊಬ್ಬಳು ಕರಿಮಣಿ ಇಟ್ಟುಕೊಳ್ಳುವುದೋ ತೆಗೆಯುವುದೋ ಎಂದು ತಿಳಿಯದೆ ಕೂತಿರುತ್ತಾಳೆ. ಕೆಟ್ಟ ಗಾಳಿ, ಸೋಂಕು ಎಂದೆಲ್ಲ ಹೇಳುತ್ತೇವೆ. ಇದಕ್ಕಿಂತ ಕೆಟ್ಟ ಸೋಂಕು ಯಾವುದು?

ಕಾನೂನಿಗೂ ಒಂದು 'ಮಾಯ' ಉಂಟು. ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. 1872ರ ಸಾಕ್ಷ್ಯ ಕಾಯಿದೆಯ ಈ ಮಾತು 2024ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲೂ ಮುಂದುವರಿದಿದೆ. ಅಷ್ಟರವರೆಗೆ ವಿಮೆ, ಬ್ಯಾಂಕು, ರೇಷನ್ ಕಾರ್ಡು ಎಲ್ಲದಕ್ಕೂ "ಮರಣಪತ್ರ ತನ್ನಿ" ಎಂದರೆ ಎಲ್ಲಿಂದ ತರುವುದು? ಬೋಟಿನ ಅವಶೇಷವೇ ಸಿಕ್ಕಿದ ಮೇಲೂ ಏಳು ವರ್ಷ ಕಾಯಿಸುವುದು ಯಾವ ನ್ಯಾಯ? ಇದಕ್ಕೊಂದು ಬೇಗದ ದಾರಿ ಮಾಡಿಕೊಡಲು ಯಾವ ದೈವವೂ ಅಡ್ಡ ಬರಲಾರದು.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ರಜೆ. ಅದರ ಕೊನೆಗೇ ಆಟಿ ಬರುತ್ತದೆ. ತುಳುವರ ಮನೆಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಎಲೆ ಹಾಕಿ ಬಡಿಸುವ ತಿಂಗಳು ಅದು. ಕಡಲಿಂದ ಬಾರದವನ ಮನೆಯಲ್ಲಿ ಆ ದಿನ ಎಷ್ಟು ಎಲೆ ಹಾಕಬೇಕು? ಅವನನ್ನೂ ಸೇರಿಸಿ ಒಂದು ಎಲೆ ಹೆಚ್ಚಿಟ್ಟರೆ ತಾಯಿ ಸುಮ್ಮನಿರುವುದಿಲ್ಲ. ಇಡದಿದ್ದರೆ ಊರಿನವರು ಸುಮ್ಮನಿರುವುದಿಲ್ಲ.